ಯಾವ ಫ್ಯಾನ್ ಗುರ್‌ಗುಟ್ಟುತ್ತಿದೆ ಎಂದು ಮೊದಲು ಹುಡುಕಿ

ಪ್ರಶ್ನೆ: ಮನೆಯಲ್ಲೇ ಮಕ್ಕಳಿಗೆ ಪಾಠ ರೆಕಾರ್ಡ್ ಮಾಡುತ್ತೇನೆ. ಐದು ವರ್ಷ ಹಳೆಯ ಡೆಸ್ಕ್‌ಟಾಪ್. ಅದರ ಫ್ಯಾನ್ ಸದ್ದು ಆಗಾಗ ಏರುತ್ತದೆ, ಇಳಿಯುತ್ತದೆ. ಮೈಕ್‌ನಲ್ಲೂ ಕೇಳಿಸುತ್ತದೆ. ಸದ್ದು ಮಾಡದ ಫ್ಯಾನ್ ಯಾವುದು ಕೊಳ್ಳಲಿ?
– ರಾಯಚೂರಿನ ಓದುಗರು

ಉತ್ತರ: ದಯವಿಟ್ಟು ಈಗಲೇ ಕೊಳ್ಳಬೇಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಕಾಗದವನ್ನು ಕೊಳವೆಯಂತೆ ಸುತ್ತಿ ಕಿವಿಗೆ ಹಿಡಿದು ಒಂದೊಂದೇ ಫ್ಯಾನ್ ಕಡೆ ತಿರುಗಿಸಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ನಿಮ್ಮ ವಿವರಣೆ ನೋಡಿದರೆ, ಪ್ರೊಸೆಸರ್ ಜೊತೆ ಬಂದ ಚಿಕ್ಕ ಫ್ಯಾನ್ ಮೇಲೆಯೇ ನನಗೆ ಅನುಮಾನ. ಅದೇ ಆಗಿದ್ದರೆ ಕ್ಯಾಬಿನೆಟ್ ಫ್ಯಾನ್ ಎಷ್ಟು ದುಬಾರಿಯದು ತಂದರೂ ಸದ್ದು ಹೋಗುವುದಿಲ್ಲ, ಅಲ್ವಾ?

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿಂದ ತಡೆದುಕೊಳ್ಳಿ. ಪವರ್ ಸಪ್ಲೈ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಇನ್ನು ಏರಿಳಿತದ ಮಾತು. ಬ್ರೌಸರ್ ತೆರೆದರೂ ಸಾಕು, ಪ್ರೊಸೆಸರ್ ಕೆಲವು ಸೆಕೆಂಡ್ ಬಿಸಿಯಾಗುತ್ತದೆ. ಫ್ಯಾನ್ ಅದರ ಹಿಂದೆ ಓಡುತ್ತದೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ, ಫ್ಯಾನ್ ಕರ್ವ್ ಎಂಬ ಸೆಟ್ಟಿಂಗ್ ಇರುತ್ತದೆ. ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಅದು ಹೇಳುತ್ತದೆ. ಪ್ರೊಸೆಸರ್ ಬಿಸಿ 60 ಡಿಗ್ರಿ ಮುಟ್ಟುವವರೆಗೆ ಒಂದೇ ನಿಧಾನ ವೇಗ ಇಡಿ, ಆಮೇಲೆ ಮೆಲ್ಲಗೆ ಏರಲಿ. ಸ್ಟೆಪ್ ಅಪ್ ಟೈಮ್ (ಬಿಸಿ ಏರಿದಾಗ ಫ್ಯಾನ್ ವೇಗ ಹೆಚ್ಚಿಸಲು ತೆಗೆದುಕೊಳ್ಳುವ ಸಮಯ) ಇದ್ದರೆ ಹೆಚ್ಚಿಸಿ. ಒಂದು ರೂಪಾಯಿ ಖರ್ಚಿಲ್ಲ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ನೆಮ್ಮದಿ ಸಿಗುತ್ತದೆ.

ಆದರೂ ಸದ್ದು ಉಳಿದರೆ ಪ್ರೊಸೆಸರ್ ಮೇಲಿನ ಚಿಕ್ಕ ಫ್ಯಾನ್ ಬದಲು 120 ಮಿ.ಮೀ. ಫ್ಯಾನ್ ಇರುವ, ಗೋಪುರದಂತೆ ಎತ್ತರದ ಟವರ್ ಕೂಲರ್ ಹಾಕಿ. ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಕ್ಯಾಬಿನೆಟ್ ವಿವರದಲ್ಲಿ ನೋಡಿಕೊಳ್ಳಿ. ಕ್ಯಾಬಿನೆಟ್‌ಗೂ ಫ್ಯಾನ್ ಬೇಕಿದ್ದು, ಜಾಗವಿದ್ದರೆ 140 ಮಿ.ಮೀ. ಒಳ್ಳೆಯದು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೇ ಬೇಕಾದಷ್ಟು ಗಾಳಿ ಕೊಡುತ್ತದೆ. ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅದೇ ಒಂದರ ಪಕ್ಕ ಅಂಥದ್ದೇ ಇನ್ನೊಂದು ಫ್ಯಾನ್ ಹಾಕಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅದಕ್ಕೇ ಜೋರಾಗಿ ತಿರುಗುವ ಒಂದಕ್ಕಿಂತ ನಿಧಾನವಾಗಿ ತಿರುಗುವ ಎರಡು ಫ್ಯಾನ್ ಮೇಲು ಎನ್ನುತ್ತೇನೆ.

ವೇಗವನ್ನು ಮದರ್‌ಬೋರ್ಡ್ ಸಲೀಸಾಗಿ ಹೆಚ್ಚುಕಡಿಮೆ ಮಾಡಬಲ್ಲ, ನಾಲ್ಕು ಪಿನ್‌ನ ಪಿಡಬ್ಲ್ಯುಎಂ ಫ್ಯಾನ್ ಆಗಿರಲಿ. ಎಣ್ಣೆಯ ಪದರದ ಮೇಲೆ ತಿರುಗುವ ಫ್ಲೂಯಿಡ್ ಬೇರಿಂಗ್ ಇರಲಿ. ಅಗ್ಗದ ಸ್ಲೀವ್ ಬೇರಿಂಗ್ ಎಣ್ಣೆ ಒಣಗಿದಂತೆ ಕಿರುಗುಟ್ಟುತ್ತದೆ. ಡಬ್ಬದ ಮೇಲಿನ ಡೆಸಿಬೆಲ್ ನೋಡಿ ಎರಡು ಕಂಪನಿಗಳನ್ನು ಹೋಲಿಸಬೇಡಿ, ಅಳೆಯುವ ರೀತಿ ಒಂದೇ ಇರುವುದಿಲ್ಲ. ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25 ಫ್ಯಾನ್ ಬಹಳ ಒಳ್ಳೆಯದು, ಬೆಲೆ ಜಾಸ್ತಿ. ಆರ್ಕ್ಟಿಕ್ ಕಂಪನಿಯ ಪಿ12 ಅದಕ್ಕಿಂತ ಬಹಳ ಅಗ್ಗ. ಪಾಠ ರೆಕಾರ್ಡಿಂಗ್‌ಗೆ ನನ್ನ ಮತ ಪಿ12 ಕಡೆಗೇ.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಡಿಸೆಂಬರ್‌ನಲ್ಲಿ ಇಟ್ಟ ಕರ್ವ್ ಏಪ್ರಿಲ್‌ನಲ್ಲಿ ಮತ್ತೆ ನೋಡಿ. ರೆಕಾರ್ಡ್ ಮಾಡುವಾಗ ಕ್ಯಾಬಿನೆಟ್ ಮೇಜಿನ ಕೆಳಗಿರಲಿ, ಮೈಕ್‌ನ ಬೆನ್ನು ಅದರ ಕಡೆಗಿರಲಿ.