ಹಠಮಾರಿಯೋ, ಛಲಗಾತಿಯೋ?

ಪ್ರಶ್ನೆ: ನನ್ನ ಟೀಮಿನಲ್ಲಿ ಎರಡು ವರ್ಷ ಕೆಲಸ ಮಾಡಿದ ಹುಡುಗಿಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆದುಕೊಡಬೇಕು. ಹಿಡಿದ ಕೆಲಸ ಮುಗಿಯೋ ತನಕ ಬಿಡುವವಳಲ್ಲ, ಹಠದ ಹುಡುಗಿ. ಡಿಕ್ಷನರಿ ತೆಗೆದರೆ ಸ್ಟಬರ್ನ್, ಆಬ್‌ಸ್ಟಿನೇಟ್, ಪರ್ಸಿಸ್ಟೆಂಟ್, ಡಿಟರ್ಮಿನ್ಡ್ ಅಂತ ಸಾಲಾಗಿ ನಿಂತಿವೆ. ಯಾವುದು ಹಾಕಲಿ? ಅವಳು ತುಂಬಾ ಸಿಂಪಲ್ ಅಂತಲೂ ಬರೆಯಬೇಕು ಅಂತಿದ್ದೇನೆ, ಸರಿ ತಾನೇ?

ಉತ್ತರ: ಸ್ಟಬರ್ನ್ ಮಾತ್ರ ಬೇಡ ಮಾರಾಯ್ರೇ, ಸಿಗೋ ಕೆಲಸವೂ ತಪ್ಪೀತು!

ನಿಮ್ಮ ಗೊಂದಲಕ್ಕೆ ನಮ್ಮ 'ಹಠ'ವೇ ಕಾರಣ. 'ಹಠ ಹಿಡಿದು ಓದಿ ಪಾಸಾದ' ಅಂದರೆ ಹೊಗಳಿಕೆ, 'ಹಠಮಾರಿ' ಅಂದರೆ ಬೈಗುಳ. ಒಂದೇ ಪದ ಎರಡೂ ಕಡೆ ಓಡಾಡುತ್ತದೆ. ಇಂಗ್ಲಿಷ್‌ನಲ್ಲಿ ಆ ಎರಡು ಕೆಲಸಕ್ಕೆ ಬೇರೆ ಬೇರೆ ಪದ. ಸ್ಟಬರ್ನ್ ಅಂದರೆ ಬೇರೆಯವರು ಹೇಳಿದ್ದಕ್ಕೆ ಬಗ್ಗದವರು. ಬಟ್ಟೆಯಿಂದ ಹೋಗದ ಕಲೆಗೂ ಅದೇ ಪದ, ನೋಡಿ. ಪ್ರೀತಿಯಿಂದ ಗೆಳೆಯರನ್ನು ಹಾಗೆ ಕರೆಯುವುದುಂಟು, ಆದರೆ ಪತ್ರ ಓದುವವರಿಗೆ ನಿಮ್ಮ ಪ್ರೀತಿ ಕಾಣುವುದಿಲ್ಲ. ಆಬ್‌ಸ್ಟಿನೇಟ್ ಇನ್ನೂ ಕಹಿ. ತಪ್ಪು ಅಂತ ತೋರಿಸಿಕೊಟ್ಟರೂ ಕದಲದ ಮೊಂಡುತನ ಅದು.

ಉಳಿದದ್ದು ಎರಡು. ಡಿಟರ್ಮಿನ್ಡ್ ಅನ್ನುವುದು ನಮ್ಮ ಛಲ. ಮುಂದೆ ಒಂದು ಗುರಿ ಇದೆ, ಅದನ್ನು ಮುಟ್ಟಲೇಬೇಕು ಅನ್ನುವ ಮನಸ್ಸು. ಪರ್ಸಿಸ್ಟೆಂಟ್ ಅನ್ನುವುದು ಮನಸ್ಸಿಗಿಂತ ಜಾಸ್ತಿ ಮಾಡುವ ಕೆಲಸದ ಮಾತು. ಲೆಕ್ಕ ಮೂರು ಸಲ ತಾಳೆಯಾಗಲಿಲ್ಲ, ನಾಲ್ಕನೇ ಸಲ ಮೊದಲಿನಿಂದ ಕೂಡಿಸಿದಳು, ಅದು ಪರ್ಸಿಸ್ಟೆಂಟ್. ಹಾಗಂತ ಅದು ಪೂರ್ತಿ ಹೊಗಳಿಕೆಯೂ ಅಲ್ಲ, ವಾಸಿಯಾಗದ ಕೆಮ್ಮಿಗೂ, ಬಿಡದೆ ಫೋನ್ ಮಾಡುವ ಸೇಲ್ಸ್‌ನವರಿಗೂ ಅದನ್ನೇ ಹೇಳುತ್ತಾರೆ. ಅದಕ್ಕೇ ಡಿಟರ್ಮಿನ್ಡ್ ಹಾಕಿ, ಕೆಳಗೆ ಆ ಲೆಕ್ಕದಂಥ ಒಂದು ಪ್ರಸಂಗ ಎರಡು ಸಾಲಿನಲ್ಲಿ ಬರೆಯಿರಿ. ಪ್ರಸಂಗ ಇಲ್ಲದ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ.

1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಒಂದೇ ಗುಣಕ್ಕೆ ಹೊಗಳಿಕೆಯ ಪದವೂ ಬೈಗುಳವೂ ಇರುವುದನ್ನೇ ತಮಾಷೆ ಮಾಡಿದ್ದರು. ಕನ್ನಡದಲ್ಲಿ ಹೇಳುವುದಾದರೆ ನನ್ನದು ಗಟ್ಟಿ ನಿಲುವು, ನಿನ್ನದು ಹಠ, ಅವನು ಮೊಂಡ ಮುಠ್ಠಾಳ. ಮೂವರ ಗುಣವೂ ಒಂದೇ, ಅಲ್ವಾ? ಹೇಳುವವರಿಗೆ ಎಷ್ಟು ದೂರದವರು ಅನ್ನುವುದಷ್ಟೇ ಬೇರೆ.

ಇನ್ನು ಸಿಂಪಲ್. ಇದರಲ್ಲಿ ನಾನೇ ಒಮ್ಮೆ ಬಿದ್ದಿದ್ದೇನೆ. ಸಹೋದ್ಯೋಗಿಯೊಬ್ಬರ ಬಗ್ಗೆ 'ತುಂಬಾ ಸಿಂಪಲ್ ಮನುಷ್ಯ' ಅಂತ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ, ಆ ಕಡೆಯಿಂದ 'ಅವರಿಗೆ ವಿಷಯ ಅರ್ಥವಾಗುವುದು ಕಷ್ಟವೇ?' ಅಂತ ಮೇಲ್ ಬಂತು. ಮನುಷ್ಯರಿಗೆ ಸಿಂಪಲ್ ಅಂದರೆ ಬುದ್ಧಿ ಸ್ವಲ್ಪ ಕಮ್ಮಿ ಅಂತಲೂ ಆಗುತ್ತದೆ. ನಾವು ಹೇಳಹೊರಟದ್ದು ಜಂಬ ಇಲ್ಲದವರು ಅಂತ. ಅದಕ್ಕೆ ಮಾಡೆಸ್ಟ್ ಇದೆ, ತನ್ನ ಸಾಧನೆ ಕೊಚ್ಚಿಕೊಳ್ಳದವರು. ಸುಮ್ನೆ ತಮ್ಮ ಪಾಡಿಗೆ ಇದ್ದು, ಎಲ್ಲರ ಕಣ್ಣು ತಮ್ಮ ಮೇಲಿರಲಿ ಅನ್ನದವರಿಗೆ ಅನ್‌ಅಸ್ಯೂಮಿಂಗ್. ನಿಮ್ಮ ಹುಡುಗಿ ಇವೆರಡರಲ್ಲಿ ಯಾವುದು ಅಂತ ನಿಮಗೇ ಗೊತ್ತು. ಡೌನ್ ಟು ಅರ್ತ್ ಕೂಡ ನಡೆಯುತ್ತದೆ, ಆದರೆ ಅದು ಮಾತಿಗೆ ಚೆಂದ, ಪತ್ರಕ್ಕೆ ಸ್ವಲ್ಪ ಸಲಿಗೆ ಜಾಸ್ತಿಯಾಯಿತು.