ಕೀಬೋರ್ಡ್, ಟಚ್‌ಪ್ಯಾಡ್ ಎರಡೂ ಒಟ್ಟಿಗೇ ನಿಧಾನ ಆಗಿದ್ರೆ ಮೊದಲು ಚಾರ್ಜರ್ ನೋಡಿ

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿದ್ದೀರಿ, ಲ್ಯಾಪ್‌ಟಾಪಿಗೆ ನಾಲ್ಕು ವರ್ಷ, ಕೀ ಒತ್ತಿ ಒಂದೆರಡು ಸೆಕೆಂಡ್ ಆದಮೇಲೆ ಅಕ್ಷರ ಮೂಡುತ್ತೆ, ಟಚ್‌ಪ್ಯಾಡಿನ ಬಾಣವೂ ತಡವರಿಸುತ್ತೆ. ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದ್ರೂ ಹೋಗಿಲ್ಲ. ಅಂಗಡಿಯವರು ಕೀಬೋರ್ಡ್ ಬದಲಿಸಿ ಅಂತಿದ್ದಾರೆ. ಸ್ವಲ್ಪ ತಡೀರಿ, ಈಗಲೇ ದುಡ್ಡು ಕೊಡಬೇಡಿ.

ನಾನು ದಾವಣಗೆರೆಯಲ್ಲಿ ಡಿಟಿಪಿ ಮಾಡೋನು. ಬಾಡಿಗೆ ಕರಾರು, ಅಫಿಡವಿಟ್, ಸೀಸನ್ ಬಂದರೆ ಲಗ್ನಪತ್ರಿಕೆ. ಎರಡು ವರ್ಷದ ಹಿಂದೆ ನನಗೂ ಇದೇ ಕಾಟ ಶುರುವಾಯ್ತು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಒತ್ತಬೇಕಲ್ಲ, ಅದೊಂದು ನುಂಗಿಹೋದರೆ ‘ಅಮ್ಮ’ ಹೋಗಿ ‘ಅಮಮ’ ಆಗುತ್ತೆ. ಒಂದು ಕರಾರಿನಲ್ಲಿ ‘ಒಪ್ಪಿ’ ಇದ್ದದ್ದು ‘ಒಪಪಿ’ ಆಗಿ, ಸಹಿ ಹಾಕೋಕೆ ಬಂದ ಯಜಮಾನರು ಎಲ್ಲರೆದುರು ಉಗಿದರು. ನಾನೂ ಮೊದಲು ಫಾರ್ಮ್ಯಾಟೇ ಮಾಡಿಸಿದ್ದು. ಕೀಬೋರ್ಡೂ ಬದಲಿಸಿದೆ. ಆ ದುಡ್ಡು ನೀರಿಗೆ ಹೋಯ್ತು.

ಆಮೇಲೆ ಹೊಳೆದದ್ದು ಹೇಳ್ತೀನಿ. ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಕೀಬೋರ್ಡ್, ಮದರ್‌ಬೋರ್ಡಿನ ಮೇಲಿರೋ ಎಂಬೆಡೆಡ್ ಕಂಟ್ರೋಲರ್ ಅನ್ನೋ ಸಣ್ಣ ಚಿಪ್‌ಗೆ ಸೇರಿರುತ್ತೆ. ಈಗಿನ ಟಚ್‌ಪ್ಯಾಡ್‌ಗಳಲ್ಲಿ ಹೆಚ್ಚಿನವು ಐ2ಸಿ ಅನ್ನೋ ಬೇರೆ ದಾರಿಯಲ್ಲಿ ಬರ್ತವೆ. ಎರಡು ಬೇರೆ ಬೇರೆ ಕೇಬಲ್ ಒಂದೇ ದಿನ ಕೈಕೊಡೋದು ಅಪರೂಪ. ಹಾಗಾಗಿ ಎರಡೂ ಒಟ್ಟಿಗೇ ಎಳೀತಿದ್ರೆ, ಎರಡೂ ಹೋಗಿ ಸೇರೋ ಕಡೆ, ಅಂದ್ರೆ ಪ್ರೊಸೆಸರ್ (ಸಿಪಿಯು) ಕಡೆ ತಪ್ಪು ಹುಡುಕಬೇಕು.

ಪಕ್ಕದವರ ಯುಎಸ್‌ಬಿ ಮೌಸ್ ತಂದು ಚುಚ್ಚಿ ನೋಡಿ. ಅದೂ ಎಳೆದರೆ ಟಚ್‌ಪ್ಯಾಡಿನ ತಪ್ಪಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಮೇಲೆ ಒತ್ತಿ. ಅಲ್ಲಿ ಸ್ಪೀಡ್ ಅಂತ ಒಂದು ಅಂಕಿ ಇರುತ್ತೆ. ಕೆಲಸ ಮಾಡ್ತಿರೋವಾಗ ಅದು 2 ಗಿಗಾಹರ್ಟ್ಸ್ ಆಸುಪಾಸು ಅಥವಾ ಮೇಲಿರಬೇಕು. ನನ್ನದು 0.39ಕ್ಕೆ ನಿಂತಿತ್ತು, ಏನು ತೆರೆದರೂ ಏರುತ್ತಿರಲಿಲ್ಲ. ಚಾರ್ಜರ್ ಕಿತ್ತೆ. ಸ್ವಲ್ಪ ಹೊತ್ತಿಗೆ 2 ದಾಟಿತು, ಅಕ್ಷರಗಳು ಬೆರಳಿನ ಹಿಂದೆಯೇ ಓಡಿಬಂದವು!

ಆಗಿದ್ದೇನಂದ್ರೆ, ಬೇಸಿಗೆಯಲ್ಲಿ ಕರೆಂಟ್ ಏರುಪೇರಾಗಿ ಒರಿಜಿನಲ್ ಚಾರ್ಜರ್ ಸುಟ್ಟಿತ್ತು, ಅಗ್ಗಕ್ಕೆ ಸಿಕ್ತು ಅಂತ ಡೂಪ್ಲಿಕೇಟ್ ತಂದಿದ್ದೆ. ಕೆಲವು ಕಂಪನಿಗಳ ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತಲ್ಲ, ‘ನಾನು ಇಷ್ಟು ವ್ಯಾಟಿನವನು’ ಅಂತ ಲ್ಯಾಪ್‌ಟಾಪಿಗೆ ತಿಳಿಸೋದು ಅದೇ. ಆ ಸುದ್ದಿ ಬರದಿದ್ದರೆ ಲ್ಯಾಪ್‌ಟಾಪ್ ಚಾರ್ಜರನ್ನ ನಂಬದೆ ಪ್ರೊಸೆಸರಿನ ಕೈಕಾಲು ಕಟ್ಟಿಬಿಡುತ್ತೆ. ಒರಿಜಿನಲ್ ಚಾರ್ಜರ್ ಇದ್ದರೂ ಒಳಗಿನ ಆ ಸಣ್ಣ ತಂತಿ ತುಂಡಾದರೆ ಇದೇ ಗತಿ. ಈ ಕಟ್ಟಪ್ಪಣೆ ಬರೋದು ಹಾರ್ಡ್‌ವೇರಿನಿಂದ, ಅದಕ್ಕೇ ಹತ್ತು ಸಲ ವಿಂಡೋಸ್ ಹಾಕಿದ್ರೂ ಅದು ಕದಲಲ್ಲ.

ಸ್ಪೀಡ್ ಸರಿಯಾಗಿದ್ರೆ ನನ್ನ ಕಥೆ ನಿಮ್ಮದಲ್ಲ. ಆಗ ಲ್ಯಾಪ್‌ಟಾಪ್ ಆನ್ ಆಗ್ತಿದ್ದಂಗೆ ಬಯೋಸ್‌ಗೆ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗ್ ಪರದೆಗೆ, ಹೋಗಿ ಬಾಣದ ಕೀಗಳನ್ನ ಒತ್ತಿ ನೋಡಿ. ಅಲ್ಲಿ ಚುರುಕಾಗಿದ್ದರೆ ತಪ್ಪು ವಿಂಡೋಸಿನದು. ಬಲಗಡೆ ಶಿಫ್ಟನ್ನ 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎದ್ದು ಕೂರುತ್ತೆ, ಅದು ಬೇಗ ಬೇಗ ಒತ್ತಿದ ಕೀಗಳನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಮಕ್ಕಳಿರೋ ಮನೆಯಲ್ಲಿ ಇದು ಮಾಮೂಲು. ಇನ್ನು ಟೈಪ್ ಮಾಡಿದ ತಕ್ಷಣ ಟಚ್‌ಪ್ಯಾಡ್ ಒಂದು ಗಳಿಗೆ ಸುಮ್ಮನಿರೋದು ಕಾಯಿಲೆ ಅಲ್ಲ, ಅಂಗೈ ತಾಗದಿರಲಿ ಅಂತ ಬೇಕಂತಲೇ ಇಟ್ಟಿರೋದು. ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ಸೆನ್ಸಿಟಿವಿಟಿ ಏರಿಸಿದ್ರೆ ಕಮ್ಮಿ ಆಗುತ್ತೆ. ಇವೆರಡೂ ಅಲ್ಲದಿದ್ರೆ ಲೇಟೆನ್ಸಿಮಾನ್ ಅನ್ನೋ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ (ಬಿಡಿಭಾಗಗಳನ್ನ ನಡೆಸೋ ಪ್ರೋಗ್ರಾಂ) ದಾರಿಗಡ್ಡ ಕೂತಿದೆ ಅಂತ ಹೆಸರು ಹಿಡಿದು ತೋರಿಸುತ್ತೆ.

ಚಾರ್ಜ್ ಹಾಕಿದಾಗ ಮಾತ್ರ ಬಾಣ ಕುಣಿಯುತ್ತೆ, ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತೆ ಅಂದ್ರೆ ಅರ್ಥಿಂಗ್ ಇಲ್ಲ ಅಂತ ಲೆಕ್ಕ. ಹಳೇ ಮನೆಗಳ ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಹಿಂದೆ ತಂತಿ ಎರಡೇ. ಎಲೆಕ್ಟ್ರಿಷಿಯನ್ ಕರೆಸಿ.

ಒಂದು ಮಾತ್ರ ತಮಾಷೆ ಅಲ್ಲ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ, ಒತ್ತಿದಾಗ ಕ್ಲಿಕ್ ಆಗದಿದ್ದರೆ, ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಒತ್ತಬೇಡಿ, ಚಾರ್ಜ್ ಹಾಕಬೇಡಿ, ನೇರ ಸರ್ವಿಸ್‌ಗೆ ಒಯ್ಯಿರಿ.

ಚಾರ್ಜರ್ ಹಾಕಿ ಒಂದು ಸಲ, ಕಿತ್ತು ಒಂದು ಸಲ, ಆ ಸ್ಪೀಡ್ ಎಷ್ಟು ತೋರಿಸುತ್ತೆ ಬರೆದುಕೊಳ್ಳಿ. ಎರಡೂ ಅಂಕಿ ಇಲ್ಲಿ ಹಾಕಿದ್ರೆ ಮುಂದಿನದು ಹೇಳ್ತೀನಿ.