ಲ್ಯಾಬಿನಲ್ಲಿ ಕಟ್ಟಿದ ಕಂಪ್ಯೂಟರ್ ಮ್ಯೂಸಿಯಂ ಸೇರಿದರೆ ಆ ಸಂಶೋಧನೆಯೆಲ್ಲ ದಂಡವೇ?

ನೀವು ಕೇಳಿರುವುದು ಇಷ್ಟು: ಕಂಪ್ಯೂಟರ್ ಆರ್ಕಿಟೆಕ್ಚರ್‌ನಲ್ಲಿ ಪಿಎಚ್‌ಡಿಗೆ ಸೇರಬೇಕೆಂದಿದ್ದೀರಿ. ಆದರೆ ದೊಡ್ಡ ಕಂಪನಿಗಳ ಎದುರು ಯೂನಿವರ್ಸಿಟಿ ಲ್ಯಾಬಿನ ಪ್ರೊಸೆಸರನ್ನು ಯಾರೂ ಕೊಳ್ಳುವುದಿಲ್ಲ, ಹಾಗಾದರೆ ಐದಾರು ವರ್ಷ ದಂಡವಲ್ಲವೇ? ಜೊತೆಗೆ, ಹಾರ್ಡ್‌ವೇರ್ ವಿನ್ಯಾಸ ಬರೆಯುವ ಭಾಷೆಯಾದ ಬ್ಲೂಸ್ಪೆಕ್ ಕಲಿಯಬೇಕೇ?

ನಾನು ಸಂಶೋಧಕನಲ್ಲ, ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಮಾಡುವವನು. ಎಂ.ಟೆಕ್. ದಿನಗಳಲ್ಲಿ ಕಂಪ್ಯೂಟರ್ ವಿನ್ಯಾಸದ ಮೇಷ್ಟ್ರು, ಅಮೆರಿಕದ ಎಂಐಟಿಯ ಅರವಿಂದ್ ಅವರ ಪೇಪರುಗಳ ಹಿಂದೆ ಬಿದ್ದಿದ್ದೆ. ನಿಮ್ಮ ಪ್ರಶ್ನೆಗೆ ಅವರ ಕತೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಪೂರ್ತಿ ಹೆಸರು ಅರವಿಂದ್ ಮಿತ್ತಲ್, ಆದರೆ ಪೇಪರುಗಳಲ್ಲಿ ಬರೀ ‘ಅರವಿಂದ್’. ಇನಿಶಿಯಲ್ ಕೂಡ ಇಲ್ಲ. ಲೈಬ್ರರಿ ಹುಡುಕಾಟದಲ್ಲಿ ಇದು ಎಷ್ಟು ಗೋಳು ಹೊಯ್ದುಕೊಳ್ಳುತ್ತದೆ ಅಂತ ನೀವೇ ನೋಡುತ್ತೀರಿ. 1969ರಲ್ಲಿ ಐಐಟಿ ಕಾನ್ಪುರದಿಂದ ಬಿ.ಟೆಕ್., 1973ರಲ್ಲಿ ಮಿನೆಸೋಟದಿಂದ ಪಿಎಚ್‌ಡಿ, ಆಮೇಲೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮೇಷ್ಟ್ರು. ಅಲ್ಲಿ ಕಿಮ್ ಗೋಸ್ಟಲೋ ಅವರ ಜೊತೆ ಸೇರಿ ಶುರು ಮಾಡಿದ್ದೇ ಡೇಟಾಫ್ಲೋ ಕೆಲಸ.

ಡೇಟಾಫ್ಲೋ ಅಂದರೇನು? ಮದುವೆಮನೆಯ ಅಡುಗೆಶಾಲೆ ನೆನೆಸಿಕೊಳ್ಳಿ. ಸಾಮಾನ್ಯ ಪ್ರೊಸೆಸರು ಕೆಲಸದ ಪಟ್ಟಿ ಹಿಡಿದುಕೊಂಡ ಒಬ್ಬನೇ ಅಡುಗೆಯವನ ಹಾಗೆ: ಮೊದಲ ಸಾಲಿನದು ಮುಗಿಸಿದ ಮೇಲೆ ಎರಡನೆಯ ಸಾಲು. ಡೇಟಾಫ್ಲೋದಲ್ಲಿ ಅಂಥ ಪಟ್ಟಿಯೇ ಇಲ್ಲ. ಬೇಳೆ ಬೆಂದು, ತರಕಾರಿ ಹೆಚ್ಚಿ, ಮಸಾಲೆ ರುಬ್ಬಿ ಆಯಿತೋ, ಹುಳಿ ಒಲೆ ಏರುತ್ತದೆ, ಯಾರೂ ಹೇಳಬೇಕಿಲ್ಲ. ಅದೇ ಹೊತ್ತಿಗೆ ಆಚೆ ಒಲೆಯಲ್ಲಿ ಪಾಯಸ ನಡೆದಿರುತ್ತದೆ. ಎಂಐಟಿಯ ಜ್ಯಾಕ್ ಡೆನಿಸ್ 1970ರ ದಶಕದಲ್ಲೇ ಈ ದಾರಿ ಹಿಡಿದಿದ್ದರು. ಆದರೆ ಅವರ ವಿನ್ಯಾಸದಲ್ಲಿ ಮೊದಲ ಪಂಕ್ತಿಯ ಹುಳಿ ಒಲೆ ಇಳಿಯುವ ತನಕ ಎರಡನೇ ಪಂಕ್ತಿಯ ಬೇಳೆ ಅಲ್ಲಿಗೆ ಬರುವ ಹಾಗಿರಲಿಲ್ಲ. ಅರವಿಂದ್ ಮತ್ತು ಗೋಸ್ಟಲೋ ಪ್ರತಿ ಪದಾರ್ಥಕ್ಕೂ ‘ಇದು ಇಷ್ಟನೇ ಪಂಕ್ತಿಯದು’ ಎಂದು ಚೀಟಿ ಅಂಟಿಸಿದರು. ನಾಲ್ಕು ಪಂಕ್ತಿಯ ಅಡುಗೆ ಒಟ್ಟಿಗೇ ನಡೆದರೂ ಕಲಸುಮೇಲೋಗರ ಆಗುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗರ್ಡ್ ಮತ್ತು ವಾಟ್ಸನ್ ಕೂಡ ಹೆಚ್ಚುಕಡಿಮೆ ಇದೇ ಹೊತ್ತಿಗೆ ಇಂಥದೇ ಯಂತ್ರ ಕಟ್ಟಿದರು.

ತೊಂದರೆ ಬಂದದ್ದು ಆ ಚೀಟಿಗಳಿಂದಲೇ. ಒಂದೊಂದು ಪದಾರ್ಥ ಬಂದಾಗಲೂ ಅದೇ ಪಂಕ್ತಿಯ ಅದರ ಜೋಡಿ ಎಲ್ಲಿದೆ ಅಂತ ಇಡೀ ಉಗ್ರಾಣ ಹುಡುಕಬೇಕು, ಆ ಹುಡುಕಾಟದ ಹಾರ್ಡ್‌ವೇರ್ ದುಬಾರಿ. ಇದನ್ನು ಬಿಡಿಸಿದ್ದು ಅರವಿಂದ್ ಅಲ್ಲ, ಅವರ ಎಂಐಟಿ ಗುಂಪಿನ ವಿದ್ಯಾರ್ಥಿ ಗ್ರೆಗ್ ಪಾಪಡೋಪೌಲಸ್, 1988ರ ತಮ್ಮ ಥೀಸಿಸ್‌ನಲ್ಲಿ. ಉಪಾಯ ಕೇಳಿದರೆ ‘ಅಯ್ಯೋ, ಇಷ್ಟೇನಾ’ ಅನ್ನಿಸುತ್ತದೆ: ಪಂಕ್ತಿ ಶುರುವಾಗುವಾಗಲೇ ಅದಕ್ಕೊಂದು ಮಣೆಸಾಲು ಕಾದಿರಿಸಿಬಿಡಿ. ಪದಾರ್ಥ ನೇರ ತನ್ನ ಮಣೆಗೇ ಬರುತ್ತದೆ. ಜೋಡಿ ಆಗಲೇ ಕೂತಿದ್ದರೆ ಇಬ್ಬರೂ ಒಲೆಗೆ, ಇಲ್ಲದಿದ್ದರೆ ಅಲ್ಲೇ ಕಾಯುತ್ತದೆ. ಹುಡುಕಾಟವೇ ಇಲ್ಲ. ಇದರ ಮೇಲೆ ಕಟ್ಟಿದ ಯಂತ್ರದ ಹೆಸರು ಮಾನ್ಸೂನ್. ಮೋಟೊರೋಲಾ ಕೈಜೋಡಿಸಿ ಒಂದಷ್ಟು ಯಂತ್ರ ಕಟ್ಟಿಕೊಟ್ಟಿತು.

ಇದರ ಜೊತೆಗೇ ಅರವಿಂದ್, ರಿಶಿಯೂರ್ ನಿಖಿಲ್, ಕೇಶವ್ ಪಿಂಗಳಿ ಸೇರಿ ಬೆಳೆಸಿದ್ದು ಐ-ಸ್ಟ್ರಕ್ಚರ್ ಎಂಬ, ಡೇಟಾ ಇಡುವ ಬಗೆ. ಕಪಾಟಿನಲ್ಲಿ ಪಾತ್ರೆ ಇನ್ನೂ ಖಾಲಿ, ಆಗಲೇ ಯಾರೋ ಕೇಳಿಕೊಂಡು ಬಂದರು ಅನ್ನಿ. ಖಾಲಿ ಕೈಯಲ್ಲಿ ಕಳಿಸುವುದಿಲ್ಲ, ಪಾತ್ರೆಯ ಮೇಲೆ ಅವರ ಹೆಸರು ಬರೆದಿಡುತ್ತಾರೆ, ತುಂಬಿದ ತಕ್ಷಣ ತಲುಪಿಸುತ್ತಾರೆ. ಅವರ ಪೇಪರುಗಳಲ್ಲಿ ಒಂದನ್ನೇ ಓದುವುದಾದರೆ ಐ-ಸ್ಟ್ರಕ್ಚರ್ ಬಗೆಗಿನ 1989ರ ಪೇಪರನ್ನೇ ಓದಿ.

ಇನ್ನು ನಿಮ್ಮ ‘ದಂಡ’ದ ಮಾತು. ಮಾನ್ಸೂನ್ ಮಾರುಕಟ್ಟೆಗೆ ಬರಲಿಲ್ಲ. 90ರ ದಶಕದಲ್ಲಿ ಮಾಮೂಲಿ ಮೈಕ್ರೊಪ್ರೊಸೆಸರುಗಳ ವೇಗ ಏರಿದ ಪರಿಗೆ, ಕೆಲವೇ ಜನ ಕೂತು ಕಟ್ಟುವ ವಿಶೇಷ ಯಂತ್ರ ಸರಿಸಮ ಓಡುವುದು ಸಾಧ್ಯವೇ ಇರಲಿಲ್ಲ. ಪ್ರತಿಯೊಂದು ಕೂಡು-ಕಳೆಗೂ ಜೋಡಿ ಕಾಯುವ ಖರ್ಚು ಬೇರೆ. ಈಗ ಒಂದು ಮಾನ್ಸೂನ್ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ‘ಡೇಟಾಫ್ಲೋ ಸೋತಿಲ್ಲ, ಇವತ್ತಿನ ಪ್ರತಿ ಔಟ್-ಆಫ್-ಆರ್ಡರ್ ಪ್ರೊಸೆಸರಿನ ಒಳಗೂ ಅದೇ ಇದೆ’ ಎಂದು ವಾದಿಸುವವರಿದ್ದಾರೆ (ಔಟ್-ಆಫ್-ಆರ್ಡರ್ ಅಂದರೆ ಬರೆದ ಸಾಲಿನ ಕ್ರಮ ಬಿಟ್ಟು, ಸಿದ್ಧವಾದದ್ದನ್ನು ಮೊದಲು ಮಾಡುವುದು). ಅರ್ಧ ಸರಿ. ಆದರೆ ಆ ಬೇರು ಐಬಿಎಂನ ಟೊಮಾಸುಲೊ 1967ರಲ್ಲಿ ಬರೆದ ಪೇಪರಿನಲ್ಲೇ ಇದೆ, ಅದನ್ನು ಅರವಿಂದ್ ಲೆಕ್ಕಕ್ಕೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಅವರ ಲೆಕ್ಕಕ್ಕೆ ಬರೆಯಬೇಕಾದ್ದು ಲ್ಯಾಬಿನಿಂದ ಹೊರಬಿದ್ದವರನ್ನು. ಪಾಪಡೋಪೌಲಸ್ ಮುಂದೆ ಸನ್ ಮೈಕ್ರೊಸಿಸ್ಟಮ್ಸ್ ಎಂಬ ಕಂಪ್ಯೂಟರ್ ಕಂಪನಿಯ ಸಿಟಿಓ (ತಂತ್ರಜ್ಞಾನದ ಮುಖ್ಯಸ್ಥ) ಆದರು. ಡೇವಿಡ್ ಕಲರ್ ಬರ್ಕ್ಲಿಗೆ ಹೋದವರು, ಮೊದಲು ಕೈಹಾಕಿದ್ದೇ ಡೇಟಾಫ್ಲೋ ಪಾಠವನ್ನು ಮಾಮೂಲಿ ಪ್ರೊಸೆಸರಿನ ಮೇಲೆ ಓಡಿಸಲು. ಆಮೇಲೆ ವರ್ಕ್‌ಸ್ಟೇಷನ್‌ಗಳನ್ನೇ ಜೋಡಿಸಿ ಒಂದು ಕಂಪ್ಯೂಟರ್ ಮಾಡುವ ಯೋಜನೆಗೆ ಪ್ಯಾಟರ್ಸನ್ ಮುಂತಾದವರ ಜೊತೆ ಸೇರಿದರು. ಡೆರೆಕ್ ಚಿಯು ಮುಂದೆ ಮೈಕ್ರೊಸಾಫ್ಟ್ ಸರ್ವರುಗಳಿಗೆ ಎಫ್‌ಪಿಜಿಎ (ಬೇಕಾದ ಹಾಗೆ ಬದಲಿಸಿಕೊಳ್ಳಬಹುದಾದ ಚಿಪ್) ಕೂರಿಸಿದ ತಂಡದಲ್ಲಿದ್ದರು. ಡೇಟಾಫ್ಲೋಗೆಂದು ಮಾಡಿದ ‘ಐಡಿ’ ಭಾಷೆಯ ಅನುಭವ ಹೊತ್ತು ಅರವಿಂದ್, ನಿಖಿಲ್ ಇಬ್ಬರೂ ಹ್ಯಾಸ್ಕೆಲ್ ಸಮಿತಿಯಲ್ಲಿ ಕೂತರು. ಹಾರ್ಡ್‌ವೇರ್ ಮೇಷ್ಟ್ರಿಗೆ ಪ್ರೋಗ್ರಾಮಿಂಗ್ ಭಾಷೆಯ ಸಮಿತಿಯಲ್ಲಿ ಏನು ಕೆಲಸ ಅಂತ ಆಗ ನನಗೆ ಅನ್ನಿಸಿತ್ತು. ಬ್ಲೂಸ್ಪೆಕ್ ನೋಡಿದ ಮೇಲೆ ಅರ್ಥವಾಯಿತು.

ಜೇಮ್ಸ್ ಹೋ ಎಂಬ ವಿದ್ಯಾರ್ಥಿಯ ಜೊತೆ ಅರವಿಂದ್ ತೋರಿಸಿದ್ದು ಇದು: ಹಾರ್ಡ್‌ವೇರನ್ನು ‘ಹೀಗಿದ್ದರೆ ಹೀಗೆ ಬದಲಾಗಲಿ’ ಎಂಬ ರೂಲ್‌ಗಳಾಗಿ ಬರೆದರೆ, ಯಾವ ರೂಲ್ ಯಾವುದರ ಜೊತೆ ಒಂದೇ ಕ್ಲಾಕಿನಲ್ಲಿ (ಚಿಪ್ಪಿನ ಒಂದೇ ತಾಳದಲ್ಲಿ) ನಡೆಯಬಹುದು ಎಂದು, ಬರೆದದ್ದನ್ನು ಸರ್ಕ್ಯೂಟ್ ಮಾಡುವ ಕಂಪೈಲರೇ ಲೆಕ್ಕ ಹಾಕುತ್ತದೆ. ಸಾಮಗ್ರಿ ಕೂಡಿಬಂದರೆ ಒಲೆ ಏರುತ್ತದೆ ಅನ್ನುವ ಹಳೇ ಅಡುಗೆಶಾಲೆಯೇ, ಬೇರೆ ವೇಷದಲ್ಲಿ. 2000ದಲ್ಲಿ ಅರವಿಂದ್ ಸ್ಯಾಂಡ್‌ಬರ್ಸ್ಟ್ ಎಂಬ ನೆಟ್‌ವರ್ಕ್ ಚಿಪ್ ಕಂಪನಿ ಕಟ್ಟಿದರು. ಅಲ್ಲಿ ಲೆನಾರ್ಟ್ ಆಗಸ್ಟ್‌ಸನ್ ಹ್ಯಾಸ್ಕೆಲ್ ಮಾದರಿಯಲ್ಲಿ ಬ್ಲೂಸ್ಪೆಕ್ ಭಾಷೆಗೆ ರೂಪ ಕೊಟ್ಟರು. 2003ರಲ್ಲಿ ಅದೇ ಬೇರೆ ಕಂಪನಿಯಾಯಿತು. ನಮ್ಮ ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರುಗಳನ್ನು ಬರೆದಿರುವುದು ಇದೇ ಬ್ಲೂಸ್ಪೆಕ್‌ನಲ್ಲಿ.

2018ರಲ್ಲಿ ಅರವಿಂದ್ ಮತ್ತು ಮೂವರು ವಿದ್ಯಾರ್ಥಿಗಳು ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಪ್ರೊಸೆಸರ್ ಮಾನದಂಡ) ಅನುಸರಿಸುವ ಒಂದು ಔಟ್-ಆಫ್-ಆರ್ಡರ್ ಪ್ರೊಸೆಸರನ್ನು ಬಿಡಿಬಿಡಿ ಭಾಗಗಳಾಗಿ ಬ್ಲೂಸ್ಪೆಕ್‌ನಲ್ಲಿ ಬರೆದು ಅದರ ಮೇಲೆ ಲಿನಕ್ಸ್ ಓಡಿಸಿದರು. ಮಾನ್ಸೂನನ್ನು ಸೋಲಿಸಿದ ಜಾತಿಯ ಪ್ರೊಸೆಸರೇ ಅದು! 2024ರ ಜೂನ್ 17ರಂದು, 77ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಹಾಗಾಗಿ ಲ್ಯಾಬ್ ಆರಿಸುವಾಗ ‘ನಿಮ್ಮ ಚಿಪ್ ಯಾರು ಕೊಂಡರು’ ಅಂತ ಕೇಳಬೇಡಿ. ಹಿಂದಿನ ಹತ್ತು ವರ್ಷದ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಗೈಡ್ ತಮ್ಮ ಪೇಪರುಗಳಲ್ಲಿ ಬೇರೆ ಯಾರ ಜೊತೆ ಕೂತಿದ್ದಾರೆ ಅಂತ ನೋಡಿ. ಪ್ರತಿ ಪೇಪರಿನಲ್ಲೂ ಅದೇ ಮೂರು ಹೆಸರಿದ್ದರೆ ನಾನಾದರೆ ಆ ಕಡೆ ಹೋಗುವುದಿಲ್ಲ.

ಬ್ಲೂಸ್ಪೆಕ್ ಕಲಿಯಿರಿ. ಕಂಪೈಲರ್ 2020ರಿಂದ ಓಪನ್ ಸೋರ್ಸ್, ದುಡ್ಡು ಬೇಡ. ಶಕ್ತಿಯ ಕೋಡೂ ಓದಲು ಸಿಗುತ್ತದೆ, ಆದರೆ ಮೊದಲು ಮ.ಸಾ.ಅ. ಕಂಡುಹಿಡಿಯುವ ಸಣ್ಣ ಸರ್ಕ್ಯೂಟ್ ಬರೆಯಿರಿ. ಒಂದೇ ರಿಜಿಸ್ಟರನ್ನು (ಚಿಪ್ಪಿನೊಳಗಿನ ಸಣ್ಣ ನೆನಪಿನ ಗೂಡು) ಓದಿ ಬದಲಿಸುವ ಎರಡು ರೂಲ್ ಬರೆದು, ಅವು ಒಟ್ಟಿಗೆ ನಡೆಯಲಾಗದಿದ್ದರೆ ಕಂಪೈಲರ್ ಯಾವುದೋ ಒಂದಕ್ಕೆ ಮೊದಲ ಮಣೆ ಹಾಕಿ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. ನಾನು ಅದನ್ನು ಓದದೆ, ನಡೆಯದ ರೂಲ್ ಯಾಕೆ ನಡೆಯುತ್ತಿಲ್ಲ ಅಂತ ಎರಡು ರಾತ್ರಿ ವೇವ್‌ಫಾರ್ಮ್ (ಸಿಗ್ನಲ್‌ಗಳ ಏರಿಳಿತದ ಗೆರೆಚಿತ್ರ) ನೋಡುತ್ತ ಕೂತಿದ್ದೆ.